ಬಾನೆಟ್ಟಿನ ಮೇಲೆ ಉಣ್ಣೆಯ ಎಳೆಗಳು

ಬೀದಿಯವರೆಲ್ಲ ಅವಳನ್ನು ಸುತ್ತಿಗೆಯಕ್ಕ ಎಂದೇ ಕರೆಯುತ್ತಿದ್ದರು. ಅಪಘಾತದಲ್ಲಿ ನೆಗ್ಗಿದ ಕಾರುಗಳ ತಗಡನ್ನು ಬಡಿದು ಸರಿಮಾಡುವವಳಾದ್ದರಿಂದ ಆ ಹೆಸರು ಬಂದಿರಬೇಕೆಂದು ಹೊಸಬರು ಅಂದುಕೊಳ್ಳುತ್ತಿದ್ದರು. ಅದು ಅರ್ಧ ನಿಜ. ಹತ್ತೊಂಬತ್ತನೆಯ ವಯಸ್ಸಿನಲ್ಲಿ, ಬಿಡಿಭಾಗಗಳ ಅಂಗಡಿಯವನೊಬ್ಬ ಹೆಡ್‌ಲೈಟ್ ತೋರಿಸುವ ನೆಪದಲ್ಲಿ ಅವಳ ಸೊಂಟಕ್ಕೆ ಕೈ ಹಾಕಿದ್ದ. ಅವಳ ಕೈಯಲ್ಲಿ ಸುತ್ತಿಗೆಯಿತ್ತು. ಅವನ ದವಡೆ ಎರಡು ಕಡೆ ಮುರಿಯಿತು. ಆರು ವಾರ ಅವನು ಕೊಳವೆಯಲ್ಲಿ ಹೀರಿಕೊಂಡೇ ಹೊಟ್ಟೆ ಹೊರೆದ. ಅಂದಿನಿಂದ ಹೆಸರು ಅಂಟಿಕೊಂಡಿತು, ಹೆಸರಿನ ಜೊತೆಗೆ ಹೆದರಿಕೆಯೂ.

ಕೈ ಎತ್ತುವುದನ್ನು ಅವಳು ಕಲಿತದ್ದು ಅಪ್ಪನಿಂದ. ಅಪ್ಪನಿಗೆ ಬಾಯಿ ಮಾತಿನ ಪಾಠ ಗೊತ್ತಿರಲಿಲ್ಲ. ಅವಳೂ ಅಣ್ಣನೂ ತಗಡಿನ ಮೇಲೆ ಒಂದು ಏಟು ತಪ್ಪಾಗಿ ಹಾಕಿದರೆ ಸುತ್ತಿಗೆಯ ಹಿಡಿಯಿಂದ ಬೆರಳ ಗೆಣ್ಣುಗಳ ಮೇಲೆ ಒಂದು ಏಟು ಬೀಳುತ್ತಿತ್ತು. ಹದಿನಾರು ತುಂಬಿದ ವರ್ಷ ಅವಳು ಆ ಹಿಡಿಯನ್ನು ಗಾಳಿಯಲ್ಲೇ ಹಿಡಿದು, ಕಿತ್ತುಕೊಂಡು, ಅಪ್ಪನ ಮೊಣಕಾಲಿಗೆ ತಿರುಗಿಸಿ ಬಾರಿಸಿದಳು. ಮತ್ತೆಂದೂ ಅಪ್ಪ ಅವಳನ್ನು ಮುಟ್ಟಲಿಲ್ಲ. ಆದರೆ ಅವಳ ಪಾಲಿನ ಏಟನ್ನೂ ಅಣ್ಣನೇ ತಿಂದ. ಅವನು ಮೆತ್ತಗಿನ ಮನುಷ್ಯ. ಎದುರಿಗಿರುವವರು ಕೇಳಿದ್ದಕ್ಕೆ ತಲೆಯಾಡಿಸಿದರೆ ಏಟು ಕಡಿಮೆ ಬೀಳುತ್ತದೆ ಎಂಬುದಷ್ಟೇ ಅವನು ಕಲಿತ ಪಾಠ.

ಅಪ್ಪ ಹೋದ ಮೇಲೆ ಶೆಡ್ಡು ಇಬ್ಬರಿಗೂ ಸೇರಿತು. ಎಡಕ್ಕೆ ಟೈರ್ ಅಂಗಡಿ, ಬಲಕ್ಕೆ ಐಸ್ ಕಾರ್ಖಾನೆಯ ಗೋಡೆ, ನಡುವೆ ಇವರ ಉದ್ದನೆಯ ತಗಡಿನ ಗೂಡು. ಬೇಸಿಗೆಯಲ್ಲಿ ಕೆಲಸ ಮಾಡಿ ಮೈ ಬೆಂದಾಗ ಅವಳು ಬೆನ್ನನ್ನು ಐಸ್ ಕಾರ್ಖಾನೆಯ ಗೋಡೆಗೆ ಒರಗಿಸಿ ನಿಲ್ಲುತ್ತಿದ್ದಳು. ಕಬ್ಬಿಣದ ಮೆಟ್ಟಿಲು ಹತ್ತಿದರೆ ಮೇಲೆ ಎರಡು ಕೋಣೆ. ಒಂದರಲ್ಲಿ ಅಣ್ಣ ಮತ್ತು ಅತ್ತಿಗೆ, ಇನ್ನೊಂದರಲ್ಲಿ ಅವಳು. ಅತ್ತಿಗೆ ಮದುವೆಗೆ ಮುಂಚೆ ಹಾಲಿನ ವ್ಯಾನ್ ಓಡಿಸುತ್ತಿದ್ದವರು. ಸ್ಟೀರಿಂಗ್ ಹಿಡಿದರೆ ಗಂಡನಿಗಿಂತಲೂ ನಾದಿನಿಗಿಂತಲೂ ಗಟ್ಟಿಗರು, ನಾಲಿಗೆಯಲ್ಲಂತೂ ಕೇಳುವುದೇ ಬೇಡ. ಶೆಡ್ಡಿನ ಹಳೆಯ ವ್ಯಾನು ಅವರ ಕೈಯಲ್ಲೇ ಇರುತ್ತಿತ್ತು. ಕೈ ಬಿಡುವಾದಾಗಲೆಲ್ಲ ಉಣ್ಣೆಯ ಉಂಡೆ ಹಿಡಿದು ಹೆಣೆಯುತ್ತ ಕೂರುತ್ತಿದ್ದರು.

ಆ ವ್ಯಾನಿನ ಪಕ್ಕದ ಸೀಟಿನಲ್ಲಿ ಕೂತೇ ಸುತ್ತಿಗೆಯಕ್ಕ ಒಂದು ವಿಷಯ ಗಮನಿಸಿದ್ದಳು. ಮರದ ಕೆಳಗೆ ನಿಂತಿದ್ದ ವ್ಯಾನು ಹೊರಟಾಗ ಬಾನೆಟ್ಟಿನ ಮುಂಭಾಗದ ಒಣ ಎಲೆಗಳು ಯಾರೋ ಚಿವುಟಿ ಎಸೆದಂತೆ ಮೇಲಕ್ಕೆದ್ದು ಹಾರಿಹೋಗುತ್ತಿದ್ದವು. ಮುಂಗಾಜಿನ ಬುಡದಲ್ಲಿ ಬಿದ್ದವು ಮಾತ್ರ ಎಷ್ಟೇ ವೇಗಕ್ಕೂ ಕದಲದೆ, ಇದ್ದಲ್ಲೇ ನಡುಗುತ್ತ ಕೂತಿರುತ್ತಿದ್ದವು. ಮೊದಲು ಸುಮ್ಮನೆ ನೋಡಿದಳು. ಆಮೇಲೆ ಅದು ತಲೆಯೊಳಗೆ ಹೊಕ್ಕು ಕೂತಿತು. ಮುಂದೆ ಗಾಳಿ ಎಳೆಯುತ್ತದೆ, ಹಿಂದೆ ಗಾಳಿ ಅದುಮುತ್ತದೆ.

ಹೀಗಿರುವಾಗ ಜಲ್ಲಿಯವರ ಕಾರು ಬಂತು. ಜಲ್ಲಿಯವರೆಂದರೆ ಬಂಡೆ ಒಡೆದು ಜಲ್ಲಿ ಮಾಡಿಸುವ ಮೂವರು ಅಣ್ಣತಮ್ಮಂದಿರು. ಹಿರಿಯವನು ಮಾತು ಕಡಿಮೆಯ ಆಳು, ನಡುವಿನವನು ಕೈ ಜೋರಿನವನು, ಕಿರಿಯವನಿಗೆ ಕಾರಿನ ಹುಚ್ಚು. ಪ್ರತಿ ವರ್ಷ ಗುಡ್ಡದ ರಸ್ತೆಯನ್ನು ಮುಚ್ಚಿ ನಡೆಸುವ ಓಟದಲ್ಲಿ ಅವನು ಗಾಡಿ ಬಿಡುತ್ತಿದ್ದ. ಎರಡು ವರ್ಷದಿಂದ ನಾಲ್ಕನೆಯ ತಿರುವಿಗೇ ಎಂಜಿನ್ ಕಾದು ಹೋಗುತ್ತಿತ್ತು. ಬಿಸಿ ಹೊರಬೀಳಲು ಬಾನೆಟ್ಟಿಗೆ ಕಿಂಡಿ ಹಾಕಿಸಬೇಕೆಂದು ಬಂದಿದ್ದ.

"ಇಲ್ಲೊಂದು, ಇಲ್ಲೊಂದು," ಎಂದು ಕಿರಿಯವನು ಮುಂಗಾಜಿನ ಬುಡದಲ್ಲಿ ಬೆರಳಿಟ್ಟು ತೋರಿಸಿದ. "ಎರಡು ಕಪ್ಪು ಬಾಯಿ ತೆಗೆದ ಹಾಗೆ ಕಾಣ್ಬೇಕು. ಹಿಂದೆ ಇರೋನು ನೋಡಿ ಮುಂದೆ ಬರೋಕೆ ಹೆದರ್ಬೇಕು."

"ಹಿಂದೆ ಇರೋನಿಗೆ ನಿನ್ನ ಬಾನೆಟ್ ಹೇಗೆ ಕಾಣತ್ತಪ್ಪ?" ಎಂದಳು ಸುತ್ತಿಗೆಯಕ್ಕ.

ಅಣ್ಣ ಕಣ್ಣಲ್ಲೇ ಸುಮ್ಮನಿರು ಎಂದ. ಅವಳು ಸುಮ್ಮನಿರಲಿಲ್ಲ. "ಅಲ್ಲಿ ಬೇಡ. ಗಾಳಿ ಬಾನೆಟ್ ಮೇಲೆ ಓಡ್ಬಂದು ಗಾಜಿಗೆ ಡಿಕ್ಕಿ ಹೊಡೆದು ಅಲ್ಲೇ ಗುಂಪಾಗತ್ತೆ, ಸಿನಿಮಾ ಬಿಟ್ಟಾಗ ಬಾಗಿಲಲ್ಲಿ ಜನ ಸಿಕ್ಕಿಕೊಂಡ ಹಾಗೆ. ಅಲ್ಲಿ ತೂತು ಹೊಡೆದ್ರೆ ಒಳಗಿನ ಬಿಸಿ ಹೊರಗೆ ಬರಲ್ಲ, ಹೊರಗಿನ ಗಾಳಿನೇ ಒಳಗೆ ನುಗ್ಗತ್ತೆ. ರೇಡಿಯೇಟರ್ ದಾಟಿ ಬಂದ ಬಿಸಿಗಾಳಿ ಎಲ್ಲಿಗೆ ಹೋಗ್ಬೇಕು? ರೇಡಿಯೇಟರ್ ಹಿಂದೇನೇ, ಇಲ್ಲಿ, ಮುಂದೆ ಹಾಕ್ಬೇಕು."

"ಮುಂದೆ ಹಾಕಿದ್ರೆ ಮೀನಿನ ಕಿವಿರು ಇದ್ದ ಹಾಗೆ ಕಾಣತ್ತೆ," ಎಂದು ಕಿರಿಯವನು ಮುಖ ಕಿವುಚಿದ.

"ಗಿರಾಕಿ ಕೇಳಿದ ಕಡೆ ಹಾಕೋಣ ಬಿಡು," ಎಂದ ಅಣ್ಣ.

ಅವಳು ಬಾನೆಟ್ಟಿನ ಮುಂಭಾಗದಲ್ಲಿ ಸೀಮೆಸುಣ್ಣದಿಂದ ಗುರುತು ಹಾಕಿ, "ನಾನು ಬರೋವರೆಗೂ ಇದನ್ನ ಯಾರೂ ಮುಟ್ಟಬೇಡಿ" ಎಂದು ಹೇಳಿ, ಬೆಸುಗೆಯ ಗ್ಯಾಸ್ ಸಿಲಿಂಡರ್ ಬದಲಾಯಿಸಿಕೊಂಡು ಬರಲು ಹೋದಳು. ತಿರುಗಿ ಬಂದಾಗ ಗಾಜಿನ ಬುಡದಲ್ಲಿ ಎರಡು ಕಿಂಡಿ ಬಾಯ್ದೆರೆದಿದ್ದವು. ಅಣ್ಣ ಅಂಚನ್ನು ಅರದಿಂದ ಉಜ್ಜುತ್ತಿದ್ದ. ಅವಳ ಸೀಮೆಸುಣ್ಣದ ಗುರುತನ್ನು ಒದ್ದೆ ಬಟ್ಟೆಯಿಂದ ಒರೆಸಿಹಾಕಿದ್ದ. ಸಿಟ್ಟು ನೆತ್ತಿಗೇರಿತು. ಕೈಗೆ ಸಿಕ್ಕ, ನೆಗ್ಗು ತುಂಬುವ ಪುಟ್ಟಿಯ ಡಬ್ಬಿಯನ್ನು ಅವನ ತಲೆಗೆ ಗುರಿಯಿಟ್ಟು ಎಸೆದಳು. ಅವನು ಬಗ್ಗಿದ. ಡಬ್ಬಿ ಗೋಡೆಗೆ ಬಡಿದು ಒಡೆಯಿತು.

"ತಲೆ ಕೆಟ್ಟಿದೆಯೇನೇ ನಿನಗೆ? ಎರಡು ತೂತು ತಾನೆ!" ಎಂದು ಅವನು ಕಿರುಚಿದ.

ಮರುದಿನ ಕಿರಿಯವನು ಬಂದು ಕಾರು ಒಯ್ದ. ಕಿಂಡಿಗಳನ್ನು ನೋಡಿ ಶಿಳ್ಳೆ ಹಾಕಿದ.

ಓಟದ ದಿನ ಅವಳು ಒಬ್ಬಳೇ ಗುಡ್ಡ ಹತ್ತಿ, ಐದನೆಯ ತಿರುವಿನ ಮೇಲಿನ ಬಂಡೆಯ ಮೇಲೆ ಕೂತಳು. ಬೆಳಗ್ಗೆ ಹನ್ನೊಂದರ ಬಿಸಿಲು. ಕಾರು ನಾಲ್ಕನೆಯ ತಿರುವು ದಾಟಿ ಬರುವಾಗಲೇ ಎಂಜಿನ್ನಿನ ಸದ್ದು ಬದಲಾಗಿತ್ತು, ಉಬ್ಬಸ ಬಂದವನ ಉಸಿರಿನಂತೆ. ಐದನೆಯ ತಿರುವಿಗೆ ಕಿರಿಯವನು ವೇಗ ಇಳಿಸಿದ. ವೇಗವಿದ್ದಷ್ಟು ಹೊತ್ತು ಗಾಳಿ ಕಿಂಡಿಯನ್ನು ಹೊರಗಿನಿಂದ ಅದುಮಿ ಹಿಡಿದಿತ್ತು. ವೇಗ ಇಳಿದ ಆ ಗಳಿಗೆಯಲ್ಲಿ ಒಳಗೆ ರಬ್ಬರ್ ಪೈಪು ಒಡೆದು, ಎಂಜಿನ್ ತಣಿಸುವ ಕೂಲೆಂಟ್ ನೀರು ಕುದಿಯುತ್ತ ಎರಡೂ ಕಿಂಡಿಗಳಿಂದ ಬೆಳ್ಳಗೆ ಚಿಮ್ಮಿ ನೇರ ಮುಂಗಾಜಿಗೆ ಬಡಿಯಿತು. ಗಾಜು ಸುಣ್ಣ ಬಳಿದಂತಾಯಿತು. ಏನೂ ಕಾಣದೆ ಕಿರಿಯವನು ಸ್ಟೀರಿಂಗ್ ತಿರುಗಿಸಬೇಕಾದ ಕಡೆ ತಿರುಗಿಸಲಿಲ್ಲ. ಕಾರು ಕಲ್ಲಿನ ತಡೆಗೋಡೆಗೆ ಗುದ್ದಿ, ಹಿಂಬದಿ ಮೇಲೆದ್ದು, ಪಕ್ಕಕ್ಕೆ ಒರಗಿತು.

ಅವಳು ಓಡಿದಳು. ಇನ್ನಿಬ್ಬರ ಜೊತೆ ಸೇರಿ ಬಾಗಿಲನ್ನು ಸಲಾಕೆಯಿಂದ ಮೀಟಿ ಅವನನ್ನು ಹೊರಗೆಳೆದಳು. ತೊಡೆಯ ಮೂಳೆ ಚರ್ಮ ಹರಿದು ಹೊರಗೆ ಬಂದಿತ್ತು. ಬಾಯಲ್ಲಿ ಮುಂದಿನ ಎರಡು ಹಲ್ಲಿರಲಿಲ್ಲ. ಅವನು ಅವಳನ್ನೇ ನೋಡುತ್ತ "ಅಕ್ಕ, ಕಾಲು ಇದೆಯಾ?" ಎಂದು ಕೇಳಿದ. "ಇದೆ, ಅಲ್ಲಾಡಬೇಡ," ಎಂದಳು. ಅವನ ರಕ್ತ ಅವಳ ಮೊಣಕೈವರೆಗೂ ಮೆತ್ತಿತ್ತು.

ಆ ರಕ್ತದ ಕೈಯಲ್ಲೇ ಶೆಡ್ಡಿಗೆ ಬಂದಳು. ಅಣ್ಣ ತುಕ್ಕು ಹಿಡಿದ ಬಾಗಿಲ ಪಟ್ಟಿಯೊಂದನ್ನು ಗ್ರೈಂಡರಿನಿಂದ ಕೊಯ್ಯುತ್ತಿದ್ದ. ಕಿಡಿಗಳು ಅವನ ಮೊಣಕಾಲ ಮೇಲೆ ಸುರಿಯುತ್ತಿದ್ದವು. ಗುಡ್ಡದಲ್ಲಿ ಆದದ್ದನ್ನು ಅವಳು ಕೂಗಿ ಹೇಳಿದಳು. ಅವನು ಗ್ರೈಂಡರ್ ನಿಲ್ಲಿಸದೆ, ತಲೆ ಎತ್ತದೆ, "ಓಡಿಸೋಕೆ ಬರದೇ ಇದ್ರೆ ಹಾಗೇ ಆಗೋದು" ಎಂದ.

ಅವಳು ಹಿಂದಿನಿಂದ ಅವನ ಕುತ್ತಿಗೆಗೆ ಮುಷ್ಟಿ ಕಟ್ಟಿ ಗುದ್ದಿದಳು.

ಬಲಗೈಯ ಗ್ರೈಂಡರ್ ಪಟ್ಟಿಯಿಂದ ಜಾರಿ ಎಡಗೈ ಮೇಲೆ ಹಾದುಹೋಯಿತು. ಅಣ್ಣ ಕೂಗಲಿಲ್ಲ. ತನ್ನ ಕೈಯನ್ನು ಬೇರೆ ಯಾರದೋ ಕೈಯನ್ನು ನೋಡುವಂತೆ ನೋಡಿದ. ಕಿರುಬೆರಳೂ ಅದರ ಪಕ್ಕದ್ದೂ ಬುಡದಿಂದ ಇರಲಿಲ್ಲ. ಗ್ರೈಂಡರ್ ನೆಲದ ಮೇಲೆ ಬಿದ್ದು, ಇನ್ನೂ ತಿರುಗುತ್ತ, ತನ್ನದೇ ವೈರನ್ನು ಸುತ್ತಿಕೊಂಡು ಕುಣಿಯುತ್ತಿತ್ತು. ಅವಳು ಪ್ಲಗ್ ಕಿತ್ತಳು. ತಲೆಗೆ ಕಟ್ಟಿದ್ದ ಬಟ್ಟೆ ಬಿಚ್ಚಿ ಅವನ ಕೈಗೆ ಬಿಗಿದಳು. ನೆಲದ ಮೇಲೆ ಮಂಡಿಯೂರಿ, ಕಬ್ಬಿಣದ ಪುಡಿಯ ನಡುವೆ ಹುಡುಕಿ, ಎರಡು ಬೆರಳುಗಳನ್ನೂ ಎತ್ತಿಕೊಂಡಳು. ಪಕ್ಕದ ಕಾರ್ಖಾನೆಯಿಂದ ಐಸ್ ತಂದಳು. ಅತ್ತಿಗೆ ವ್ಯಾನನ್ನು ಹಾರ್ನ್ ಒತ್ತಿ ಹಿಡಿದೇ ಆಸ್ಪತ್ರೆವರೆಗೂ ಓಡಿಸಿದರು. ಬ್ಲೇಡು ಅಂಚನ್ನೆಲ್ಲ ಜಜ್ಜಿಹಾಕಿದೆ, ಬೆರಳು ಕೂಡಿಸಲು ಆಗುವುದಿಲ್ಲ ಎಂದರು ಡಾಕ್ಟರು.

ಆಸ್ಪತ್ರೆಯ ಹೊರಗಿನ ಬೆಂಚಿನ ಮೇಲೆ ಅತ್ತಿಗೆ ಅವಳ ಪಕ್ಕ ಕೂತರು. ಆಮೇಲೆ ಅವಳ ಕಡೆ ತಿರುಗದೆಯೇ ಹೇಳಿದರು: "ಮಾವ ಹೋಗಿ ಒಂಬತ್ತು ವರ್ಷ ಆಯ್ತು ಅಂದ್ಕೊಂಡಿದ್ದೆ. ಎಲ್ಲಿಗೂ ಹೋಗಿಲ್ಲ ಅವ್ರು. ನಿನ್ನ ಕೈಯಲ್ಲೇ ಕೂತಿದ್ದಾರೆ."

ಬೇರೆ ಯಾರಾದರೂ ಹಾಗೆಂದಿದ್ದರೆ ಅವಳು ಅವರ ಹಲ್ಲು ಉದುರಿಸುತ್ತಿದ್ದಳು. ಈಗ ತೊಡೆಗಳ ಕೆಳಗೆ ಎರಡೂ ಕೈ ಅದುಮಿಕೊಂಡು ಕೂತಳು.

ಮೂರನೆಯ ದಿನ ಮಧ್ಯಾಹ್ನ ಜಲ್ಲಿಯವರು ಬಂದರು. ಹಿರಿಯವನು, ನಡುವಿನವನು, ಬಂಡೆ ಕೆಲಸದ ನಾಲ್ವರು ಆಳುಗಳು. ಎಲ್ಲರ ಕೈಯಲ್ಲೂ ಕಬ್ಬಿಣದ ಸರಳು. ಮಾತೇ ಇಲ್ಲ. ನಡುವಿನವನು ಒಳಗೆ ಕಾಲಿಟ್ಟವನೇ ಬಣ್ಣದ ಡಬ್ಬಿಗಳ ಅಟ್ಟವನ್ನು ಸರಳಿನಿಂದ ಎಳೆದು ಕೆಡವಿದ. ಒಬ್ಬ ಕಂಪ್ರೆಸರಿನ ಮೀಟರ್ ಒಡೆದ. ಇನ್ನೊಬ್ಬ, ಬಣ್ಣ ಬಳಿಸಿಕೊಂಡು ಒಣಗುತ್ತಿದ್ದ ಯಾರದೋ ಕಾರಿನ ಗಾಜುಗಳನ್ನು ಒಂದೊಂದಾಗಿ ಒಡೆಯುತ್ತ ಹೋದ. ಸುತ್ತಿಗೆಯಕ್ಕ ಗೋಡೆಗೆ ಒರಗಿಸಿದ್ದ ಜಾಕಿನ ಹಿಡಿ ತೆಗೆದುಕೊಂಡಳು. ಮೊದಲು ಹತ್ತಿರ ಬಂದ ಆಳಿನ ಮೊಣಕಾಲಿಗೆ ಬೀಸಿದಳು. ಮೂಳೆ ಮುರಿದ ಸದ್ದು ಎಲ್ಲರಿಗೂ ಕೇಳಿಸಿತು. ಎರಡನೆಯವನ ಮುಖಕ್ಕೆ ಬಣ್ಣ ತೆಳುಮಾಡುವ ಥಿನ್ನರ್ ಎರಚಿದಳು. ಅಷ್ಟರಲ್ಲಿ ನಡುವಿನವನ ಸರಳು ಅವಳ ಎಡ ಹೆಗಲ ಮೇಲೆ ಬಿತ್ತು. ತೋಳು ತನ್ನದಲ್ಲವೆಂಬಂತೆ ಜೋತುಬಿತ್ತು. ಅವನು ಮತ್ತೊಮ್ಮೆ ಸರಳೆತ್ತಿದ.

"ನಿಲ್ಲಿಸ್ರೋ!" ಎಂಬ ಕೂಗು ಮೇಲಿನಿಂದ ಬಂತು.

ಅಣ್ಣ ಮೆಟ್ಟಿಲ ಮೇಲೆ ನಿಂತಿದ್ದ. ಎಡಗೈಗೆ ದಪ್ಪ ಬ್ಯಾಂಡೇಜು. ಹಿಂದೆ ಅತ್ತಿಗೆ ಅವನ ಅಂಗಿ ಹಿಡಿದು ಎಳೆಯುತ್ತಿದ್ದರು. ಅವನು ಕೊಸರಿಕೊಂಡು ಇಳಿದು ಬಂದ.

"ಆ ತೂತು ಯಾರು ಕೊಯ್ದಿದ್ದು?" ಎಂದು ಹಿರಿಯವನು ಮೊದಲ ಸಲ ಬಾಯಿಬಿಟ್ಟ.

ತನ್ನ ಹೆಸರೇ ಬರುತ್ತದೆ ಎಂದುಕೊಂಡಳು ಸುತ್ತಿಗೆಯಕ್ಕ. ಅಣ್ಣ ಹೇಳಿದ: "ನಾನು. ಇವಳು ಬೇಡ ಅಂದ್ಲು. ಗುರುತು ಕೂಡ ಹಾಕಿದ್ಲು. ಇವಳು ಇಲ್ಲದಾಗ ನಾನೇ ಕೊಯ್ದೆ."

"ಕೈಗೇನಾಯ್ತು?"

"ಇವಳೇ."

ಹಿರಿಯವನು ಬ್ಯಾಂಡೇಜನ್ನೂ, ಜೋತುಬಿದ್ದ ತೋಳನ್ನೂ, ನೆಲದ ಮೇಲೆ ಹೊರಳುತ್ತಿದ್ದ ತನ್ನ ಆಳನ್ನೂ ನೋಡಿದ. "ನಮಗಿಂತ ಮುಂಚೆ ಬಂದು ಹೋಗಿದ್ದಾಳೆ ಇವಳು," ಎಂದ. ನಗಲಿಲ್ಲ. ಸರಳಿನ ತುದಿಯಿಂದ ಅವಳ ಗದ್ದ ಎತ್ತಿದ. "ಕಾರು ಕಳಿಸ್ತೀನಿ. ನೀನು ಹೇಳಿದ ಕಡೆ ಕೊಯ್ದು ಕೊಡು. ನಾನೇ ಗುಡ್ಡ ಹತ್ತಿಸ್ತೀನಿ, ನೀನು ಪಕ್ಕದಲ್ಲಿ ಕೂರ್ಬೇಕು. ಮತ್ತೆ ಕುದೀತೋ, ನಿಮ್ಮಣ್ಣನ ಇನ್ನೊಂದು ಕೈ ನಾನು ತಗೋತೀನಿ."

ಪೊಲೀಸರ ಬಳಿ ಯಾರೂ ಹೋಗಲಿಲ್ಲ. ಹೋಗಿದ್ದರೆ ಎರಡೂ ಕಡೆಯವರನ್ನು ಒಳಗೆ ಹಾಕಬೇಕಾಗುತ್ತಿತ್ತು.

ಅವಳ ಹೆಗಲ ಮೂಳೆ ಬಿರುಕು ಬಿಟ್ಟಿತ್ತು. ತೋಳನ್ನು ಕೊರಳಿಗೆ ಕಟ್ಟಿಕೊಂಡೇ ಕೆಲಸಕ್ಕೆ ಇಳಿದಳು. ಹಿರಿಯವನು ಕಳಿಸಿದ ಕಾರಿನ ನಜ್ಜುಗುಜ್ಜಾದ ಮುಂಭಾಗವನ್ನು ನೇರ ಮಾಡಿದಳು. ಬೇರೆ ರೇಡಿಯೇಟರ್, ಅದೇ ಮಾದರಿಯ ಬೇರೆ ಬಾನೆಟ್ ತರಿಸಿ ಕೂರಿಸಿದಳು. ಆದರೆ ಈ ಸಲ ಕೊಯ್ಯುವ ಮೊದಲು ಕಣ್ಣಾರೆ ನೋಡಬೇಕಿತ್ತು. ಎಲೆಗಳ ಮೇಲಿನ ನಂಬಿಕೆಗೆ ಅಣ್ಣನ ಕೈಯನ್ನು ಒಡ್ಡುವ ಧೈರ್ಯ ಅವಳಿಗಿರಲಿಲ್ಲ.

"ಅತ್ತಿಗೆ, ಸ್ವಲ್ಪ ಉಣ್ಣೆ ಬೇಕಿತ್ತು," ಎಂದು ಕೇಳಿದಳು. ಅತ್ತಿಗೆ ಅರ್ಧ ಹೆಣೆದಿದ್ದ ಕೆಂಪು ಸ್ವೆಟರನ್ನು ಅವಳ ಕಾಲ ಬಳಿ ಎಸೆದರು. "ನಿಮ್ಮಣ್ಣನಿಗೆ ಅಂತ ಹೆಣೀತಿದ್ದೆ. ಬಿಚ್ಕೋ."

ಬೆರಳುದ್ದದ ಎಳೆಗಳನ್ನು ಕತ್ತರಿಸಿ, ಒಂದೊಂದು ತುದಿಗೆ ಟೇಪು ಹಚ್ಚಿ, ಬಾನೆಟ್ಟಿನ ತುಂಬ ಸಾಲಾಗಿ ಅಂಟಿಸಿದಳು. ಅತ್ತಿಗೆ ಆ ಕಾರಿನ ಸ್ಟೀರಿಂಗ್ ಹಿಡಿದರು. ಊರಾಚೆಯ ನೇರ ರಸ್ತೆಯಲ್ಲಿ ವೇಗ ಏರಿದಂತೆ ಮುಂಭಾಗದ ಎಳೆಗಳು ಬಾಚಿದ ಕೂದಲಿನಂತೆ ಹಿಂದಕ್ಕೆ ನೇರವಾಗಿ ಮಲಗಿದವು. ಗಾಜಿನ ಬುಡದವು ಮಾತ್ರ ದಾರಿ ತಪ್ಪಿದವರಂತೆ ಎಲ್ಲ ದಿಕ್ಕಿಗೂ ಹೊರಳಾಡಿದವು. ಕೆಲವು ತಿರುಗಿ ಮುಂದಕ್ಕೇ ಬಂದವು.

ಅಷ್ಟು ಸಾಲದೆಂದು, ಪಾರದರ್ಶಕ ಪ್ಲಾಸ್ಟಿಕ್ ಕೊಳವೆಯೊಂದನ್ನು ಹಲಗೆಯ ಮೇಲೆ ಲಾಳದಂತೆ ಬಗ್ಗಿಸಿ ಕಟ್ಟಿ, ಅದರಲ್ಲಿ ಶಾಯಿ ಬೆರೆಸಿದ ನೀರು ತುಂಬಿದಳು. ಒಂದು ತುದಿಯನ್ನು ಬಾನೆಟ್ಟಿನ ಒಳಗೆ ಬಿಟ್ಟು, ಇನ್ನೊಂದನ್ನು ಮೇಲೆ ಒಂದೊಂದು ಜಾಗಕ್ಕೂ ಟೇಪಿನಿಂದ ಅಂಟಿಸಿ, ಹಲಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಹೊರಗಿನ ತುದಿ ಗಾಜಿನ ಬುಡದಲ್ಲಿದ್ದಾಗ ಆ ಕಡೆಯ ನೀರು ಕೆಳಗಿಳಿಯಿತು. ಎಂದರೆ ಅಲ್ಲಿ ಹೊರಗಿನ ಗಾಳಿ ಒಳಕ್ಕೆ ದಬ್ಬುತ್ತಿತ್ತು. ರೇಡಿಯೇಟರಿನ ಹಿಂದೆ ಒಂದು ಗೇಣು ಬಿಟ್ಟು ಇಟ್ಟಾಗ ನೀರು ಎರಡು ಬೆರಳಿನಷ್ಟು ಮೇಲಕ್ಕೇರಿತು. ಅಲ್ಲಿ ಹೊರಗಿನ ಗಾಳಿ ಎಳೆಯುತ್ತಿತ್ತು. ಹದಿನೆಂಟು ಜಾಗ ನೋಡಿದರು. ಹದಿನೆಂಟನೆಯದಕ್ಕೆ ಅತ್ತಿಗೆ, "ಸಾಕಾ? ಇನ್ನೂ ಇದೆಯಾ?" ಎಂದರು. ಆಸ್ಪತ್ರೆಯ ಬೆಂಚಿನ ನಂತರ, ಆ ಉಣ್ಣೆಯ ಮಾತು ಬಿಟ್ಟರೆ, ಅವರಾಗಿ ಆಡಿದ ಮಾತು ಅದೇ.

ಬಾನೆಟ್ಟಿನ ಅಡಿಯಲ್ಲಿ ಅದಕ್ಕೆ ಬಲ ಕೊಡುವ ಅಡ್ಡಪಟ್ಟಿಯಿತ್ತು. ಅದನ್ನು ಕೊಯ್ದರೆ ವೇಗದಲ್ಲಿ ಬಾನೆಟ್ಟೇ ಮಡಚಿ ಗಾಜಿಗೆ ಹೊಡೆಯಬಹುದು. ಹಾಗಾಗಿ ಪಟ್ಟಿಯ ಆಚೆಗೊಂದು, ಈಚೆಗೊಂದು ಕಿಂಡಿ ತೆಗೆದಳು. ಹಿಂದಕ್ಕೆ ಬಾಗಿದ ತಗಡಿನ ಪಟ್ಟಿಗಳನ್ನು ಕೂರಿಸಿ, ಮುಂದಿನ ಅಂಚನ್ನು ತುಸು ಎತ್ತಿದಳು. ಓಡಿಬರುವ ಗಾಳಿ ಆ ಅಂಚನ್ನು ಹಾರಿ ದಾಟುವಾಗ ಒಳಗಿನ ಬಿಸಿಯನ್ನು ಹೀರಿಕೊಂಡು ಹೋಗಬೇಕು. ಮುಂದಿನಿಂದ ಬಂದ ಗಾಳಿ ಸಂದುಗಳಲ್ಲಿ ನುಸುಳಿ ತಪ್ಪಿಸಿಕೊಳ್ಳದೆ ರೇಡಿಯೇಟರಿನ ಒಳಗಿಂದಲೇ ಹಾಯಲೆಂದು ಸುತ್ತ ತಗಡು, ರಬ್ಬರು ಹಾಕಿ ಮುಚ್ಚಿದಳು. ಗ್ರೈಂಡರನ್ನು ಬಲಗೈಯೊಂದರಲ್ಲೇ ಹಿಡಿದಳು. ಅಣ್ಣ ಮೆಟ್ಟಿಲ ಮೇಲೆ ಕೂತು ನೋಡುತ್ತಿದ್ದ. "ನೀನು ಮೇಲೆ ಹೋಗು," ಎಂದಳು. ಅವನು ಹೋಗಲಿಲ್ಲ.

ಹಿರಿಯವನು ಹೇಳಿದ ದಿನಕ್ಕೆ ಬಂದ. ಹಿಂದಿನ ಸೀಟಿನ ಮೇಲೆ ಸರಳು ಇಟ್ಟ. ಅವಳು ಪಕ್ಕದಲ್ಲಿ ಕೂತಳು. ಅವನಿಗೆ ತಮ್ಮನ ನಯವಿರಲಿಲ್ಲ. ಬಂಡೆಯ ಲಾರಿ ಓಡಿಸುವವನಂತೆ ಗಾಡಿಯನ್ನು ಹಿಂಸಿಸಿ ಓಡಿಸಿದ. ತಿರುವುಗಳಲ್ಲಿ ಅವಳ ಮುರಿದ ಹೆಗಲು ಬಾಗಿಲಿಗೆ ಬಡಿದು ಕಣ್ಣು ಕತ್ತಲಿಟ್ಟಿತು. ಅವಳು ಕಣ್ಣು ಕೀಳದೆ ಎಂಜಿನ್ನಿನ ಬಿಸಿ ತೋರಿಸುವ ಮುಳ್ಳನ್ನೇ ನೋಡುತ್ತಿದ್ದಳು. ನಾಲ್ಕನೆಯ ತಿರುವು. ಮುಳ್ಳು ಒಂದು ಗೆರೆ ಏರಿತು. ಐದು. ಒಡೆದ ತಡೆಗೋಡೆಯ ಕಲ್ಲುಗಳು ಇನ್ನೂ ಅಲ್ಲೇ ಬಿದ್ದಿದ್ದವು. ಮುಳ್ಳು ಅಲ್ಲೇ ನಿಂತಿತ್ತು. ಆರು, ಏಳು, ಎಂಟು. ಗುಡ್ಡದ ತಲೆಯ ಮೇಲೆ ಗಾಡಿ ನಿಂತಾಗಲೂ ಮುಳ್ಳು ಕದಲಲಿಲ್ಲ. ಕಿಂಡಿಗಳಿಂದ ಬಿಸಿ ನಡುಗುತ್ತ ಮೇಲೇಳುತ್ತಿತ್ತು.

ಹಿರಿಯವನು ಇಳಿದು ಕಿಂಡಿಯ ಮೇಲೆ ಅಂಗೈ ಹಿಡಿದು, ಚುರುಕ್ ಎಂದಾಗ ತೆಗೆದ. "ಸರಿ ಇದೆ," ಎಂದ.

ಸುತ್ತಿಗೆಯಕ್ಕ ಅವನ ಬಳಿ ನಡೆದು ಹೋಗಿ, ಸರಿಯಿದ್ದ ಕೈಯಿಂದ ಬಾಯಿಗೆ ಗುದ್ದಿದಳು. ತುಟಿ ಸೀಳಿತು. ಅವನು ಒಂದು ಹೆಜ್ಜೆ ಹಿಂದೆ ಸರಿದು, ರಕ್ತ ಉಗುಳಿ, ಕೈ ತೆರೆದು ಅವಳ ಕೆನ್ನೆಗೆ ಬಾರಿಸಿದ. ಅವಳು ಬಾನೆಟ್ಟಿನ ಮೇಲೆ ಬಿದ್ದಳು. ಬಿಸಿ ತಗಡು ಅಂಗೈ ಸುಟ್ಟಿತು. ಇಬ್ಬರೂ ಏದುಸಿರು ಬಿಡುತ್ತ ಒಬ್ಬರನ್ನೊಬ್ಬರು ನೋಡಿದರು.

"ಮುಗೀತಾ?" ಎಂದ ಅವನು.

"ಶೆಡ್ ಸರಿ ಮಾಡಿಸ್ಕೊಡು. ಆ ಒಡೆದ ಗಾಜೆಲ್ಲ ನಿನ್ನದೇ ಆಳುಗಳು ಹಾಕ್ಬೇಕು."

"ಆಗ್ಲಿ."

ಅವನು ಮಾತಿಗೆ ತಪ್ಪಲಿಲ್ಲ. ಕಿರಿಯವನು ಆರು ತಿಂಗಳ ನಂತರ ಕುಂಟುತ್ತ ಬಂದು ಕಾರನ್ನು ನೋಡಿದ. ಓಟದ ಮಾತೆತ್ತಲಿಲ್ಲ. ಕಾರನ್ನು ಯಾರಿಗೋ ಮಾರಿದರು. ಆದರೆ ಸುದ್ದಿ ಹಬ್ಬಿ, ಗುಡ್ಡದ ಓಟದವರೆಲ್ಲ ಬಾನೆಟ್ ಕೊಯ್ಯಿಸಲು ಅವಳ ಬಳಿಗೇ ಬರತೊಡಗಿದರು. ಗಾಜಿನ ಬುಡದಲ್ಲೇ ಬೇಕೆಂದು ಹಟ ಮಾಡಿದವರನ್ನು ಅವಳು ಅತ್ತಿಗೆಯ ಪಕ್ಕದಲ್ಲಿ ಕೂರಿಸಿ, ಬಾನೆಟ್ಟಿಗೆ ಅಂಟಿಸಿದ ಉಣ್ಣೆಯ ಎಳೆಗಳನ್ನು ತೋರಿಸಿ ಕರೆತರುತ್ತಿದ್ದಳು.

ಅಣ್ಣ ಅವಳೊಂದಿಗೆ ಹನ್ನೊಂದು ತಿಂಗಳು ಮಾತಾಡಲಿಲ್ಲ. ಬಣ್ಣ ಹೊಡೆಯುವುದು ಬಲಗೈಯ ಕೆಲಸವಾದ್ದರಿಂದ ಅದನ್ನು ಮಾಡುತ್ತಿದ್ದ. ಅವಳು ಎರಡು ಸಲ ಏನೋ ಹೇಳಲು ಬಾಯಿ ತೆರೆದಳು. ಎರಡು ಸಲವೂ ಅವನು ಎದ್ದು ಹೋದ. ಸಿಟ್ಟು ಬಂದಾಗ ಕೈಯಲ್ಲಿದ್ದದ್ದನ್ನು ಕೆಳಗಿಟ್ಟು ಬೀದಿಗೆ ಇಳಿದು ನಡೆಯುವುದನ್ನು ಅವಳು ರೂಢಿ ಮಾಡಿಕೊಂಡಳು. ಅವಳು ಹಾಗೆ ಬರುವುದು ಕಂಡರೆ ಟೈರ್ ಅಂಗಡಿಯವರು ದಾರಿ ಬಿಡುತ್ತಿದ್ದರು. ಎಲ್ಲ ಸಲವೂ ಆಗುತ್ತಿರಲಿಲ್ಲ. ಒಮ್ಮೆ ಒಬ್ಬ ಗಿರಾಕಿಯ ಮೂಗು ಒಡೆದಳು.

ಒಂದು ದಿನ ಅಣ್ಣ ಆಗಷ್ಟೇ ಬಣ್ಣ ಹೊಡೆದಿದ್ದ ಬಾಗಿಲಿಗೆ ಅವಳ ಮೊಣಕೈ ತಾಗಿ ಕಲೆಯಾಯಿತು. ಅವನು ಮಾಸ್ಕ್ ತೆಗೆದ. ಹತ್ತಿರ ಬಂದು, ಮೂರು ಬೆರಳಿನ ಎಡಗೈಯಿಂದ ಅವಳ ಕೆನ್ನೆಗೆ ಬಾರಿಸಿದ. ಜೋರಾಗಿಯೇ. ಕಿವಿ ಗುಯ್ ಎಂದಿತು. ಅವಳ ಮುಷ್ಟಿ ತಾನಾಗಿಯೇ ಬಿಗಿಯಿತು. ಅವಳು ಅದನ್ನು ಬೆನ್ನ ಹಿಂದೆ ಒಯ್ದಳು. ಗಿರಾಕಿಗಳಿಬ್ಬರು ನಿಂತು ನೋಡುತ್ತಿದ್ದರು.

"ಇದು ಒಂದು ಬೆರಳಿಗೆ," ಎಂದ ಅಣ್ಣ.

"ಇನ್ನೊಂದು?"

ಅವನು ಎಡಗೈ ಒದರಿಕೊಂಡ. "ಈಗ ಕೈ ನೋಯ್ತಿದೆ," ಎಂದು ಹೇಳಿ, ಕಲೆಯಾದ ಬಾಗಿಲನ್ನು ಉಜ್ಜಲು ಉಪ್ಪುಕಾಗದ ಹುಡುಕತೊಡಗಿದ. ಮೇಲಿನಿಂದ ಅತ್ತಿಗೆ, "ಹೊಡೆದಾಟ ಮುಗಿದಿದ್ರೆ ಇಬ್ಬರೂ ಊಟಕ್ಕೆ ಬನ್ನಿ," ಎಂದು ಕೂಗಿದರು. ಅವಳು ಕಾಗದವನ್ನು ನೀರಿನಲ್ಲಿ ಅದ್ದಿ ಅವನ ಕೈಗೆ ಕೊಟ್ಟಳು. ಅವನು ತೆಗೆದುಕೊಂಡ.